ಎರೆಹುಳುಗಳಿಗೆ ಆರುನೂರು ವಾಟ್: ಬಳಕೆದಾರರ ಕೈಪಿಡಿ

ಮೊದಲು ಇದನ್ನು ಓದಿ

137 ಕಿಲೋಹರ್ಟ್ಸ್‌ನ ಪವರ್ ಆಂಪ್ಲಿಫೈಯರ್ ಆಯ್ದುಕೊಂಡ ತಮಗೆ ಅಭಿನಂದನೆಗಳು. ಪೆಟ್ಟಿಗೆ ಬಿಚ್ಚಿದಾಗ ಒಳಗೆ ಆಂಪ್ಲಿಫೈಯರ್ ಕಾಣದಿದ್ದರೆ ಗಾಬರಿಯಾಗಬೇಡಿ. ಇಂಥದ್ದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಅಪರೂಪ. ಕಟ್ಟಬೇಕಾದವರು ತಾವೇ. ಪೆಟ್ಟಿಗೆಯಲ್ಲಿ ಇರಬೇಕಾದದ್ದು ಇಷ್ಟು: ಕೆಲವು ಮಾಸ್‌ಫೆಟ್ ಟ್ರಾನ್ಸಿಸ್ಟರುಗಳು, ಒಂದು ಫೆರೈಟ್ ಕೋರ್, ಕೈಗೆ ಸಿಕ್ಕಷ್ಟು ದೊಡ್ಡ ಹೀಟ್‌ಸಿಂಕ್, 170 ಮೀಟರ್ ತಂತಿ, ಮತ್ತು ಒಂದು ಪ್ಲಾಸ್ಟಿಕ್ ಡ್ರಮ್. ಡ್ರಮ್ ಯಾಕೆ ಎಂದು ಈಗಲೇ ಕೇಳಬೇಡಿ.

ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ರೇಡಿಯೊ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಜನರಲ್ ಅಥವಾ ಅದಕ್ಕೂ ಮೇಲಿನ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಪಡೆದು, ಸ್ವಂತ ಮನೆ, ಹಿಂದೊಂದಿಷ್ಟು ಹುಲ್ಲು ಇರುವ ಕನ್ನಡಿಗರಿಗಾಗಿ ಈ ಕೈಪಿಡಿ ಸಿದ್ಧವಾಗಿದೆ. ಆರು ತಿಂಗಳ ವೀಸಾದ ಮೇಲೆ ಬಂದಿರುವ, ಕೆಇಬಿಯಲ್ಲಿ ಸಬ್‌ಸ್ಟೇಷನ್ ನೋಡಿಕೊಂಡು ನಿವೃತ್ತರಾದ ಮಾವನವರು ಮನೆಯಲ್ಲಿದ್ದರೆ ಕೆಲವು ಕಡೆ ಕೆಲಸ ಸುಲಭವಾಗುತ್ತದೆ, ಕೆಲವು ಕಡೆ ಕಷ್ಟವಾಗುತ್ತದೆ. ಎಲ್ಲಿ ಯಾವುದು ಎಂಬುದನ್ನು ಆಯಾ ಅಧ್ಯಾಯದಲ್ಲಿ ತಿಳಿಸಲಾಗಿದೆ. ಮಾವನವರು ಇಲ್ಲದವರು ಆ ಭಾಗಗಳನ್ನು ಬಿಟ್ಟು ಓದಬಹುದು. ನಷ್ಟ ಅವರದೇ.

ಅಧ್ಯಾಯ 1: ನೀವು ಎಲ್ಲಿಗೆ ಬಂದಿದ್ದೀರಿ

ಇದು 135.7ರಿಂದ 137.8 ಕಿಲೋಹರ್ಟ್ಸ್‌ವರೆಗಿನ ಪಟ್ಟಿ. 2007ರ ವಿಶ್ವ ರೇಡಿಯೊ ಸಮ್ಮೇಳನ ಇದನ್ನು ಹವ್ಯಾಸಿಗಳಿಗೆ ಕೊಟ್ಟಿತು. ಬ್ರಿಟನ್ನಿನವರು ಅದಕ್ಕೂ ಮುಂಚೆ, 1998ರಲ್ಲೇ, ಇಲ್ಲಿ ಮನೆ ಮಾಡಿದ್ದರು. ಪಟ್ಟಿಯ ಒಟ್ಟು ಅಗಲ 2.1 ಕಿಲೋಹರ್ಟ್ಸ್. ಸಾಧಾರಣ ಸಿಂಗಲ್ ಸೈಡ್‌ಬ್ಯಾಂಡ್‌ನಲ್ಲಿ ಒಬ್ಬರು ಬಾಯಿ ತೆರೆದರೆ ಇಡೀ ಪಟ್ಟಿ ತುಂಬಿ ಅಂಚಿನಿಂದ ಚೆಲ್ಲುತ್ತದೆ. ಆದ್ದರಿಂದ ಇಲ್ಲಿ ಮಾತಿಲ್ಲ. ಸಂಕೇತ ಕುಟ್ಟುವುದು ಮಾತ್ರ, ಅದೂ ನಿಧಾನವಾಗಿ.

ತರಂಗದ ಉದ್ದ ಸುಮಾರು 2,200 ಮೀಟರ್. ಸರಿಯಾದ ಕಾಲು ತರಂಗದ ಆಂಟೆನಾ ಬೇಕೆಂದರೆ 550 ಮೀಟರ್ ಎತ್ತರದ ಕಂಬ ನಿಲ್ಲಿಸಬೇಕು. ಭಾರತೀಯ ನೌಕಾಪಡೆ ಸಬ್‌ಮರೀನುಗಳ ಜೊತೆ ಮಾತಾಡಲು ತಮಿಳುನಾಡಿನ ತಿರುನಲ್ವೇಲಿ ಬಳಿ, ಐಎನ್‌ಎಸ್ ಕಟ್ಟಬೊಮ್ಮನ್‌ನಲ್ಲಿ, 470 ಮೀಟರಿಗೂ ಮೀರಿದ ಕಂಬಗಳನ್ನು ನಿಲ್ಲಿಸಿದೆ. ತಮ್ಮ ಹಿತ್ತಲಿನಲ್ಲಿ ಹತ್ತೋ ಹನ್ನೆರಡೋ ಮೀಟರಿನದೊಂದು ನಿಂತರೆ ಅದೇ ಪುಣ್ಯ. ಈ ಎರಡರ ನಡುವಿನ ಅಂತರವನ್ನು ತುಂಬಲು ಹುಟ್ಟಿದ್ದೇ ಈ ಆಂಪ್ಲಿಫೈಯರ್.

ಅಧ್ಯಾಯ 2: ಅನುಮತಿಗಳು

ಅಮೆರಿಕದ ಹ್ಯಾಮ್‌ಗಳಿಗೆ ಎಫ್‌ಸಿಸಿ ಈ ಪಟ್ಟಿಯನ್ನು ತೆರೆದದ್ದು 2017ರಲ್ಲಿ. ಅಷ್ಟು ವರ್ಷ ಅಡ್ಡ ನಿಂತದ್ದು ವಿದ್ಯುತ್ ಕಂಪನಿಗಳ ಆತಂಕ. ಹೈ ಟೆನ್ಷನ್ ತಂತಿಗಳ ಮೇಲೆಯೇ ಇಂಥ ಆವರ್ತನದ ಸಂಕೇತ ಕಳಿಸಿ ಒಂದು ಸಬ್‌ಸ್ಟೇಷನ್ ಇನ್ನೊಂದರ ಜೊತೆ ಮಾತಾಡುತ್ತದೆ, ಲೈನಿನಲ್ಲಿ ದೋಷ ಬಂದಾಗ ಬ್ರೇಕರ್ ಬೀಳಿಸಲು ಹೇಳುತ್ತದೆ. ಪವರ್ ಲೈನ್ ಕ್ಯಾರಿಯರ್ ಎಂಬುದು ಇದರ ಹೆಸರು. ಇದನ್ನು ವಿವರಿಸುವ ಹಕ್ಕನ್ನು ಮಾವನವರಿಗೆ ಬಿಟ್ಟುಕೊಡಿ. ಸಬ್‌ಸ್ಟೇಷನ್ನಿನಲ್ಲಿ ಲೈನು ಒಳಬರುವ ಜಾಗದಲ್ಲಿ ಡ್ರಮ್ಮಿನಂಥ ದೊಡ್ಡ ಸುರುಳಿಯೊಂದು ನೇತಾಡುತ್ತದಲ್ಲ, ಆ ವೇವ್ ಟ್ರ್ಯಾಪಿನ ಕೆಳಗೆ ಅವರು ಮೂವತ್ತು ವರ್ಷ ಓಡಾಡಿದ್ದಾರೆ. ತಮಗೆ ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಬಾಯಲ್ಲಿ ಇಷ್ಟು ಮಾತು ಕೇಳಿರಲಿಕ್ಕಿಲ್ಲ.

ನಿಯಮ ಹೀಗಿದೆ. ಆ ಸಂಕೇತ ಹೊತ್ತ ಟ್ರಾನ್ಸ್‌ಮಿಷನ್ ಲೈನಿನಿಂದ ತಮ್ಮ ಆಂಟೆನಾ ಒಂದು ಕಿಲೋಮೀಟರಿಗಿಂತ ದೂರವಿರಬೇಕು. ಯುಟಿಲಿಟೀಸ್ ಟೆಕ್ನಾಲಜಿ ಕೌನ್ಸಿಲ್ ಎಂಬ ಸಂಸ್ಥೆಗೆ ತಮ್ಮ ಕಾಲ್‌ಸೈನ್, ಆಂಟೆನಾದ ಅಕ್ಷಾಂಶ ರೇಖಾಂಶ ತಿಳಿಸಬೇಕು. 30 ದಿನದಲ್ಲಿ ಅವರು ಬೇಡ ಎನ್ನದಿದ್ದರೆ ಶುರು ಮಾಡಬಹುದು.

ಮಾವನವರು ಇಲ್ಲಿ ಹೀಗೆನ್ನುತ್ತಾರೆ: “ಅಳಿಯಂದ್ರೇ, ಮೂವತ್ತು ದಿನ ಉತ್ತರ ಬರದಿದ್ರೆ ಒಪ್ಪಿಗೆ ಅಂತಾದ್ರೆ, ನಮ್ಮ ಕಡೆ ಎಲ್ಲರಿಗೂ ಎಲ್ಲದಕ್ಕೂ ಒಪ್ಪಿಗೆ ಸಿಕ್ಕಿಬಿಡ್ತಿತ್ತು.” ನಕ್ಕು ಮುಂದಿನ ಅರ್ಜಿಗೆ ಹೋಗಿ.

ಮುಂದಿನದು ಕಠಿಣ. ಬಡಾವಣೆಯ ಮನೆಮಾಲೀಕರ ಸಂಘ ಹುಲ್ಲಿನ ಎತ್ತರ ಅಳೆಯುತ್ತದೆ, ಅಂಚೆಪೆಟ್ಟಿಗೆಯ ಬಣ್ಣ ನೋಡುತ್ತದೆ. ಆಂಟೆನಾ ಎಷ್ಟೆತ್ತರ ಇರಬಹುದು ಎಂದು ಎಫ್‌ಸಿಸಿಯನ್ನು ಕೇಳಿದರೆ 60 ಮೀಟರ್ ಎನ್ನುತ್ತದೆ. ಸಂಘವನ್ನು ಕೇಳಿದರೆ ಸೊನ್ನೆ ಎನ್ನುತ್ತದೆ. ಅನುಭವಿಗಳು ಧ್ವಜಸ್ತಂಭ ಹಾಕಿ ಅದರೊಳಗೆ ತಂತಿ ಏರಿಸುತ್ತಾರೆ. ಬಾವುಟವಿರುವ ಕಂಬವನ್ನು ಇಳಿಸಿ ಎನ್ನಲು ಸಂಘದ ಕಾರ್ಯದರ್ಶಿಗೂ ಕೊಂಚ ಅಳುಕು. ಈ ಕೈಪಿಡಿ ಅಂಥ ಉಪಾಯವನ್ನು ಬೆಂಬಲಿಸುವುದಿಲ್ಲ. ಉಪಾಯ ಇದೆ ಎಂದಷ್ಟೇ ಹೇಳುತ್ತದೆ.

ಹೆಂಡತಿಯ ಅನುಮತಿಗೆ ನಮೂನೆ ಇಲ್ಲ.

ಅಧ್ಯಾಯ 3: ವರ್ಗ ನಿರ್ಣಯ

ಆಂಪ್ಲಿಫೈಯರುಗಳನ್ನು ಎ, ಬಿ, ಸಿ, ಡಿ, ಇ ಎಂದು ವಿಂಗಡಿಸಿದ್ದಾರೆ. ಎ ವರ್ಗದ್ದು ಲೆಕ್ಕದ ಪ್ರಕಾರ ಹೆಚ್ಚೆಂದರೆ ಅರ್ಧ ವಿದ್ಯುತ್ತನ್ನು ಕೆಲಸಕ್ಕೆ ಹಾಕಿ ಉಳಿದರ್ಧವನ್ನು ಬಿಸಿಯಾಗಿ ಕಳೆಯುತ್ತದೆ. ಬಿ ವರ್ಗದ ಗರಿಷ್ಠ ಮಿತಿ 78.5 ಪರ್ಸೆಂಟ್. ಎರಡೂ ಬೆರೆತ ಎಬಿ ವರ್ಗವನ್ನು ನಿಜವಾಗಿ ಕಟ್ಟಿದರೆ 60 ಸಿಕ್ಕರೆ ಹೆಚ್ಚು. 600 ವಾಟ್ ಹೊರಡಿಸಬೇಕೆಂದರೆ 1,000 ವಾಟ್ ಒಳಗೆ ಹೋಗಬೇಕು, 400 ವಾಟ್ ಬಿಸಿಯಾಗಿ ಟ್ರಾನ್ಸಿಸ್ಟರುಗಳ ಮೈಯಿಂದ ಹೊರಬರಬೇಕು. ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು ಬಿಸಿ ಬೆರಳುದ್ದದ ಎರಡು ತುಣುಕುಗಳ ಪಾಲಿಗೆ.

ಯಾಕೆ ಹೀಗಾಗುತ್ತದೆ? ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚಿದ್ದಾಗ ಅದರ ಮೇಲೆ ವೋಲ್ಟೇಜ್ ಇರುತ್ತದೆ, ಕರೆಂಟ್ ಇರುವುದಿಲ್ಲ. ಪೂರ್ತಿ ತೆರೆದಾಗ ಕರೆಂಟ್ ಇರುತ್ತದೆ, ವೋಲ್ಟೇಜ್ ಇರುವುದಿಲ್ಲ. ಎರಡರ ಗುಣಲಬ್ಧವೇ ಬಿಸಿ; ಒಂದು ಸೊನ್ನೆಯಾಗಿದ್ದರೆ ಬಿಸಿಯೂ ಸೊನ್ನೆ. ತಾಪತ್ರಯವೆಲ್ಲ ನಡುವಿನ ಸ್ಥಿತಿಯಲ್ಲಿ. ಎದ್ದು ಹೊರಟು, ಚಪ್ಪಲಿ ಮೆಟ್ಟಿ, ಬಾಗಿಲನ್ನು ಅರ್ಧ ತೆರೆದು ಹಿಡಿದುಕೊಂಡು, ಒಳಗೂ ಬರದೆ ಹೊರಗೂ ಹೋಗದೆ ಮುಕ್ಕಾಲು ಗಂಟೆ ಮಾತಾಡುವ ನೆಂಟರಿರುತ್ತಾರಲ್ಲ, ಜನವರಿಯ ನ್ಯೂಜೆರ್ಸಿಯಲ್ಲಿ ಮನೆಯ ಹೀಟಿಂಗ್ ಬಿಲ್ ಏರುವುದು ಅವರಿಂದಲೇ. ಎ ಮತ್ತು ಬಿ ವರ್ಗದ ಟ್ರಾನ್ಸಿಸ್ಟರ್ ದಿನವಿಡೀ ಆ ಬಾಗಿಲಲ್ಲೇ ನಿಂತಿರುತ್ತದೆ.

ಡಿ ವರ್ಗದಲ್ಲಿ ಅದಕ್ಕೆ ಎರಡೇ ಆಯ್ಕೆ: ಒಳಗೆ ಬಾ, ಇಲ್ಲವೇ ಹೋಗು. 137 ಕಿಲೋಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ 7.3 ಮೈಕ್ರೋಸೆಕೆಂಡ್. ತೆರೆಯಲು ಮುಚ್ಚಲು 50 ನ್ಯಾನೋಸೆಕೆಂಡ್ ತೆಗೆದುಕೊಂಡರೂ ನಡುವಿನ ಸ್ಥಿತಿಯಲ್ಲಿ ಕಳೆಯುವ ಕಾಲ ಅತ್ಯಲ್ಪ. ಐಆರ್‌ಎಫ್‌ಪಿ 260 ಜಾತಿಯ ಮಾಸ್‌ಫೆಟ್ ಪೂರ್ತಿ ತೆರೆದಾಗ ಅದರ ರೋಧ 0.05 ಓಂ ಆಸುಪಾಸು; 13 ಆಂಪಿಯರ್ ಹರಿದರೂ 10 ವಾಟ್ ಕೂಡ ಸುಡುವುದಿಲ್ಲ. ಒಟ್ಟಾರೆ 92 ಪರ್ಸೆಂಟ್ ದಕ್ಷತೆ ಅಡುಗೆಮನೆಯ ಮೇಜಿನ ಮೇಲೆ ಕಟ್ಟಿದ ಆಂಪ್ಲಿಫೈಯರಿಗೂ ಎಟುಕುತ್ತದೆ. ಅದೇ 600 ವಾಟಿಗೆ ಈಗ ಬಿಸಿ ಬರೀ 50 ವಾಟ್ ಚಿಲ್ಲರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಿವಾರಿಸಬೇಕು. ದಕ್ಷತೆ ಎಂದೊಡನೆ ಜನ ಕರೆಂಟ್ ಬಿಲ್ ನೆನೆಯುತ್ತಾರೆ. ಬಿಲ್ಲಿನಲ್ಲಿ ಉಳಿಯುವುದು ಗಂಟೆಗೆ ಮೂರನೇ ಒಂದು ಯೂನಿಟ್. ಒಂದು ಕಾಫಿ ಕುಡಿದರೆ ಅದು ಹೋಯಿತು. ನಿಜವಾಗಿ ಉಳಿಯುವುದು ಮಾಸ್‌ಫೆಟ್‌ಗಳ ಪ್ರಾಣ, ಮತ್ತು ಫ್ಯಾನಿನ ಸದ್ದಿಲ್ಲದ ರಾತ್ರಿ. ಇಲ್ಲಿಯ ಪ್ರಸಾರ ಒಂದೊಂದು ಸಲ ನಿಮಿಷಗಟ್ಟಲೆ ಎಡೆಬಿಡದೆ ನಡೆಯುತ್ತದೆ. ಮಾತಿನ ಆಂಪ್ಲಿಫೈಯರಿಗೆ ಮಾತಾಡುವವರು ಉಸಿರೆಳೆಯುವಾಗಲಾದರೂ ಬಿಡುವು ಸಿಗುತ್ತದೆ. ಇದಕ್ಕೆ ಅದೂ ಇಲ್ಲ.

ಈ ಆವರ್ತನದಲ್ಲಿ ಡಿ ವರ್ಗ ಅಗ್ಗವಾಗಿ ಸಿಗಲು ಕಾರಣ ಕಂಪ್ಯೂಟರು, ಚಾರ್ಜರುಗಳೊಳಗಿನ ಎಸ್‌ಎಂಪಿಎಸ್ ಎಂಬ ವಿದ್ಯುತ್ ಸರಬರಾಜುಗಳು. ಅವೂ ನೂರು ಕಿಲೋಹರ್ಟ್ಸ್ ಆಸುಪಾಸಿನಲ್ಲೇ ಸ್ವಿಚ್ ಹೊಡೆಯುತ್ತವೆ. ಅವುಗಳಿಗೆಂದು ಕಾರ್ಖಾನೆಗಳು ತಯಾರಿಸಿದ ಮಾಸ್‌ಫೆಟ್, ಫೆರೈಟ್, ಡ್ರೈವರ್ ಐಸಿ ಎಲ್ಲವೂ ತಮಗೆ ಹೇಳಿ ಮಾಡಿಸಿದಂತಿವೆ. ಆದರೆ ಅದೇ ಎಸ್‌ಎಂಪಿಎಸ್‌ಗಳು, ಎಲ್‌ಇಡಿ ಬಲ್ಬುಗಳು, ಪಕ್ಕದ ಮನೆಯ ಸೋಲಾರ್ ಇನ್ವರ್ಟರು ಸೇರಿ ಎಬ್ಬಿಸುವ ಗದ್ದಲದಲ್ಲೇ ತಾವು ದೂರದ ಸಂಕೇತ ಕೇಳಬೇಕು. ತಮ್ಮ ಆಂಪ್ಲಿಫೈಯರೂ ತಮ್ಮ ಶತ್ರುವೂ ದಾಯಾದಿಗಳು.

ಇ ವರ್ಗದ ಬಗ್ಗೆ ಕೇಳುವವರಿಗೆ: ಅದು ಇನ್ನೂ ಚೆಲುವಾದದ್ದು. ಒಂದೇ ಮಾಸ್‌ಫೆಟ್, ಅದರ ಪಕ್ಕದ ಕೆಪಾಸಿಟರನ್ನೂ ಮುಂದಿನ ಸರ್ಕಿಟ್ಟನ್ನೂ ಎಷ್ಟು ಜಾಣತನದಿಂದ ಲೆಕ್ಕ ಹಾಕಿರುತ್ತಾರೆಂದರೆ, ಸ್ವಿಚ್ ತೆರೆಯುವ ಹೊತ್ತಿಗೆ ಅದರ ಮೇಲಿನ ವೋಲ್ಟೇಜ್ ತಾನಾಗಿ ಸೊನ್ನೆಗಿಳಿದು ಕಾಯುತ್ತಿರುತ್ತದೆ. 1975ರಲ್ಲಿ ಇದನ್ನು ಪ್ರಕಟಿಸಿದವರು ನೇಥನ್ ಸೋಕಲ್ ಮತ್ತು ಮಗ ಆಲನ್ ಸೋಕಲ್. ಆ ಮಗನೇ ಮುಂದೆ ಭೌತವಿಜ್ಞಾನಿಯಾಗಿ, 1996ರಲ್ಲಿ ‘ಸೋಶಿಯಲ್ ಟೆಕ್ಸ್ಟ್’ ಎಂಬ ವಿದ್ವತ್ ಪತ್ರಿಕೆಗೆ ಬೇಕೆಂದೇ ಅರ್ಥವಿಲ್ಲದ ಲೇಖನ ಬರೆದು ಕಳಿಸಿ, ಅಚ್ಚಾದ ಮೇಲೆ ಗುಟ್ಟು ಬಿಟ್ಟುಕೊಟ್ಟು, ಅರ್ಧ ಜಗತ್ತಿನ ಪ್ರಾಧ್ಯಾಪಕರ ನಿದ್ದೆ ಕೆಡಿಸಿದ. ಮೊದಲ ಲೇಖನ ತಮಾಷೆಯಲ್ಲ, ಕಟ್ಟಿ ನೋಡಿದವರೆಲ್ಲರಿಗೂ ಕೆಲಸ ಮಾಡಿದೆ. ಆದರೂ 137 ಕಿಲೋಹರ್ಟ್ಸ್‌ಗೆ ಈ ಲೇಖಕನ ವೋಟು ಡಿ ವರ್ಗಕ್ಕೇ. ಇ ವರ್ಗದಲ್ಲಿ ಸರಬರಾಜಿನ 3.56 ಪಟ್ಟು ವೋಲ್ಟೇಜ್ ಮಾಸ್‌ಫೆಟ್ ಮೇಲೆ ಏರುತ್ತದೆ, ಮತ್ತು ಎದುರಿನ ಲೋಡ್ ಲೆಕ್ಕದಲ್ಲಿದ್ದಂತೆಯೇ ಇರಬೇಕು. ತಮ್ಮ ಆಂಟೆನಾ ಮಳೆ ಬಂದರೆ ಒಂದು ಥರ, ಹಿಮ ಬಿದ್ದರೆ ಇನ್ನೊಂದು ಥರ. ಡಿ ವರ್ಗಕ್ಕೆ ಸೈರಣೆ ಜಾಸ್ತಿ.

ಅಧ್ಯಾಯ 4: ಜೋಡಣೆ

ಹೆಜ್ಜೆ 1. ಆಸಿಲೇಟರನ್ನು ಬೇಕಾದ ಆವರ್ತನದ ಎರಡರಷ್ಟಕ್ಕೆ, ಅಂದರೆ 275 ಕಿಲೋಹರ್ಟ್ಸ್‌ಗೆ, ಇಡಿ. ನಂತರ 4013 ಅಥವಾ 74ಎಚ್‌ಸಿ74 ಫ್ಲಿಪ್‌ಫ್ಲಾಪ್‌ನಿಂದ ಎರಡರಿಂದ ಭಾಗಿಸಿ. ಸುತ್ತುದಾರಿ ಎನಿಸಬಹುದು. ಆದರೆ ಹೀಗೆ ಮಾಡಿದಾಗ ಎರಡು ಮಾಸ್‌ಫೆಟ್‌ಗಳಿಗೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದ ಸಮಪಾಲು ಸಮಯ ಸಿಗುತ್ತದೆ. ಅಣ್ಣನಿಗೆ ಹೆಚ್ಚು ತಮ್ಮನಿಗೆ ಕಡಿಮೆ ಆಯಿತೋ, ಟ್ರಾನ್ಸ್‌ಫಾರ್ಮರಿನ ಫೆರೈಟ್ ಒಂದೇ ಕಡೆ ವಾಲುತ್ತಾ ವಾಲುತ್ತಾ ತುಂಬಿಹೋಗಿ, ಟ್ರಾನ್ಸ್‌ಫಾರ್ಮರೇ ಇದ್ದಕ್ಕಿದ್ದಂತೆ ಬರೀ ತಾಮ್ರದ ತಂತಿಯಾಗಿಬಿಡುತ್ತದೆ. ಮುಂದಿನದು ಸದ್ದು.

ಹೆಜ್ಜೆ 2. ಫ್ಲಿಪ್‌ಫ್ಲಾಪ್ ನೇರವಾಗಿ ಮಾಸ್‌ಫೆಟ್ ಗೇಟನ್ನು ತಳ್ಳಲಾರದು. ಗೇಟ್ ಎಂದರೆ ಒಂದು ಕೆಪಾಸಿಟರ್. ಸುಮಾರು 200 ನ್ಯಾನೋಕೂಲಂಬ್ ವಿದ್ಯುದಂಶವನ್ನು 50 ನ್ಯಾನೋಸೆಕೆಂಡಿನಲ್ಲಿ ತುಂಬಬೇಕು, ಮತ್ತೆ ಬಸಿಯಬೇಕು. ಲೆಕ್ಕ ಹಾಕಿ, 4 ಆಂಪಿಯರ್. ಟಿಸಿ 4422ನಂಥ ಡ್ರೈವರ್ ಹಾಕಿ, ಅದನ್ನು ಗೇಟಿಗೆ ಒತ್ತಿಕೊಂಡೇ ಕೂರಿಸಿ. ನಡುವಿನ ತಂತಿ ಉದ್ದವಾದರೆ ಅದೇ ಒಂದು ಕಾಯಿಲ್ ಆಗಿ ಗೇಟ್ ಕುಣಿಯುತ್ತದೆ. 20 ವೋಲ್ಟ್ ದಾಟಿ ಕುಣಿದರೆ ಅದರ ಕಥೆ ಮುಗಿಯಿತು.

ಹೆಜ್ಜೆ 3. ಇಟಿಡಿ 49 ಅಳತೆಯ ಫೆರೈಟ್ ಕೋರಿನ ಮೇಲೆ ನಡುವೆ ಕವಲಿರುವ 4+4 ಸುತ್ತು, ಆಚೆ ಬದಿಗೆ 15 ಸುತ್ತು. ಸರಬರಾಜು 50 ವೋಲ್ಟ್. ಪ್ರತಿ ಮಾಸ್‌ಫೆಟ್ ಎರಡರಷ್ಟು, ಅಂದರೆ 100 ವೋಲ್ಟ್, ನೋಡುತ್ತದೆ. ಜೊತೆಗೆ ಕುಣಿತದ ವೋಲ್ಟೇಜ್ ಬೇರೆ. 200 ವೋಲ್ಟಿನದು ತನ್ನಿ. 100 ವೋಲ್ಟಿನದು ಅಗ್ಗ ಎಂದು ತಂದರೆ ಹೆಜ್ಜೆ 3ನ್ನು ಮತ್ತೆ ಓದಬೇಕಾಗುತ್ತದೆ.

ಹೆಜ್ಜೆ 4. ಈ ಯಂತ್ರ ಹೊರಡಿಸುವುದು ಚೌಕ ಅಲೆ. ಅದರಲ್ಲಿ ಬೇಕಾದ ಆವರ್ತನದ ಜೊತೆಗೆ ಅದರ ಮೂರು ಪಟ್ಟು, ಐದು ಪಟ್ಟಿನವೂ ಇರುತ್ತವೆ. ಐದು ಪಟ್ಟು ಎಂದರೆ 687 ಕಿಲೋಹರ್ಟ್ಸ್ ಹತ್ತಿರ, ಅಂದರೆ ಸೀದಾ ಮೀಡಿಯಂ ವೇವ್ ರೇಡಿಯೊದ ನಡುಮನೆಗೆ. ನೆರೆಯಾತ ಕಾರಿನಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿರುತ್ತಾನೆ. ಆದ್ದರಿಂದ ಫಿಲ್ಟರ್ ಕಡ್ಡಾಯ. ಈ ಬಗೆಯ ಸರ್ಕಿಟ್ಟಿಗೆ ಫಿಲ್ಟರಿನ ಮೊದಲ ಭಾಗ ಕಾಯಿಲ್ ಆಗಿರಬೇಕು. ಪುಸ್ತಕದಲ್ಲಿ ಸಿಕ್ಕ ಯಾವುದೋ ಫಿಲ್ಟರ್ ನಕಲು ಮಾಡಿ ಮೊದಲಿಗೆ ಕೆಪಾಸಿಟರ್ ಇಟ್ಟರೆ, ಪ್ರತಿ ಸಲ ಸ್ವಿಚ್ ತಿರುಗಿದಾಗಲೂ ಅದು ಶಾರ್ಟ್ ಆದಂತೆಯೇ. ಮಾಸ್‌ಫೆಟ್ ಸೆಕೆಂಡಿಗೆ ಎರಡೂಮುಕ್ಕಾಲು ಲಕ್ಷ ಸಲ ಏಟು ತಿನ್ನುತ್ತದೆ.

ಹೆಜ್ಜೆ 5. ಆಸಿಲೇಟರ್ ನಿಂತುಹೋದರೆ ಏನಾಗುತ್ತದೆ ಎಂದು ಯೋಚಿಸಿ. ಫ್ಲಿಪ್‌ಫ್ಲಾಪ್ ಇದ್ದಲ್ಲೇ ಇರುತ್ತದೆ, ಅಂದರೆ ಒಂದು ಮಾಸ್‌ಫೆಟ್ ತೆರೆದೇ ಉಳಿಯುತ್ತದೆ, 50 ವೋಲ್ಟ್ ನಾಲ್ಕು ಸುತ್ತು ತಂತಿಯ ಮೂಲಕ ನೆಲಕ್ಕೆ. ಸಂಕೇತ ಬಾರದಿದ್ದರೆ ಎರಡೂ ಗೇಟ್ ಮುಚ್ಚುವ ಕಾವಲು ಸರ್ಕಿಟ್ ಹಾಕಿ. ಯೋಚಿಸಿದವರು ಈಗ ಹಾಕುತ್ತಾರೆ, ಯೋಚಿಸದವರು ಆಮೇಲೆ ಹಾಕುತ್ತಾರೆ, ಹಾಕದೆ ಉಳಿದವರಿಲ್ಲ.

ಹೆಜ್ಜೆ 6. ಮೊದಲ ಸಲ ಡಮ್ಮಿ ಲೋಡಿಗೆ ಜೋಡಿಸಿ, ಕರೆಂಟ್ ಮಿತಿಯಿರುವ ಸರಬರಾಜಿನಿಂದ, 12 ವೋಲ್ಟಿನಲ್ಲಿ ಚಾಲೂ ಮಾಡಿ. ಮಾವನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಬಲಗೈಯಿಂದ ಸ್ವಿಚ್ ಒತ್ತಿ ಎಡಗೈ ಜೇಬಿನಲ್ಲಿಡಿ ಎಂದು ಅವರು ಹೇಳುವ ಮಾತು ಹಳೆಯದಾದರೂ ಸರಿ.

ಅಧ್ಯಾಯ 5: ಆಂಟೆನಾ, ಅಥವಾ 600 ವಾಟ್ ಎಲ್ಲಿಗೆ ಹೋಯಿತು

ಈಗ ಡ್ರಮ್ಮಿನ ಸಮಯ.

ಹತ್ತು ಮೀಟರ್ ಎತ್ತರ, ಮೇಲೆ 40 ಮೀಟರ್ ಅಡ್ಡ ತಂತಿ ಇರುವ ಆಂಟೆನಾ 137 ಕಿಲೋಹರ್ಟ್ಸ್ ಕಣ್ಣಿಗೆ ಆಂಟೆನಾವೇ ಅಲ್ಲ. ಸುಮಾರು 300 ಪಿಕೊಫ್ಯಾರಡಿನ ಒಂದು ಕೆಪಾಸಿಟರ್. ಅದರ ರಿಯಾಕ್ಟೆನ್ಸ್ 3,900 ಓಂ ಹತ್ತಿರ. ಅದನ್ನು ಸರಿದೂಗಿಸಲು ನಾಲ್ಕೂವರೆ ಮಿಲಿಹೆನ್ರಿಯ ಕಾಯಿಲ್ ಬೇಕು. 30 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಡ್ರಮ್ಮಿನ ಮೇಲೆ ಅರ್ಧ ಮೀಟರ್ ಎತ್ತರಕ್ಕೆ 180 ಸುತ್ತು ಸುತ್ತಿದರೆ ಅದು ಸಿದ್ಧ. ಡ್ರಮ್ ಕಪ್ಪು ಬಣ್ಣದ್ದಾಗಿರುವುದು ಬೇಡ, ಇಂಗಾಲ ಬೆರೆತಿದ್ದರೆ ಬಿಸಿಯೇರುತ್ತದೆ. ಈ ಆವರ್ತನದಲ್ಲಿ ಕರೆಂಟ್ ತಾಮ್ರದ ಮೇಲ್ಮೈಯಲ್ಲಿ 0.18 ಮಿಲಿಮೀಟರ್ ಆಳಕ್ಕಷ್ಟೇ ಇಳಿಯುವುದರಿಂದ, ಕೂದಲಿನಂಥ ಎಳೆಗಳನ್ನು ಒಂದಕ್ಕೊಂದು ತಾಕದಂತೆ ಹೊಸೆದ ಲಿಟ್ಜ್ ತಂತಿ ಉತ್ತಮ. ದುಬಾರಿ. ಮಾವನವರು ಒಂದೇ ದಿನದಲ್ಲಿ ಸುತ್ತಿಕೊಡುತ್ತಾರೆ; ಕಾಯಿಲ್ ಸುತ್ತುವುದನ್ನು ಬೇರೆಯವರಿಗೆ ಬಿಡಬೇಡಿ, ಅವರಿಗೆ ಬೇಸರವಾಗುತ್ತದೆ.

ಎಚ್ಚರಿಕೆ: ಪೂರ್ತಿ ಶಕ್ತಿಯಲ್ಲಿ ಕಾಯಿಲಿನ ಮೇಲ್ತುದಿಯಲ್ಲಿ 12,000 ವೋಲ್ಟ್ ಇರುತ್ತದೆ. ಒದ್ದೆ ಎಲೆಯೊಂದು ತಾಕಿದರೆ ನೀಲಿ ಕಿಡಿ ಏಳುತ್ತದೆ. ಅಳಿಲುಗಳಿಗೆ ಬೇರೆ ದಾರಿ ಮಾಡಿಕೊಡಿ.

ಈಗ ಲೆಕ್ಕ. ಕಾನೂನು ಅನುಮತಿಸುವುದು 1 ವಾಟ್ ಇಐಆರ್‌ಪಿ. ಎಲ್ಲ ದಿಕ್ಕಿಗೂ ಸಮನಾಗಿ ಒಂದು ವಾಟ್ ಚೆಲ್ಲುವ ಕಾಲ್ಪನಿಕ ಆಂಟೆನಾದಷ್ಟು ಬಲ ಎಂದರ್ಥ. ನೆಲದ ಮೇಲಿನ ಗಿಡ್ಡ ಕಂಬಕ್ಕೆ ಮೂರು ಪಟ್ಟು ಗೇನ್ ಇರುವುದರಿಂದ, ನಿಜವಾಗಿ ಆಕಾಶಕ್ಕೆ ಹೋಗಬಹುದಾದದ್ದು ಒಂದು ವಾಟಿನ ಮೂರನೇ ಒಂದು ಪಾಲು. ತಮ್ಮ ಆಂಟೆನಾದ ವಿಕಿರಣ ರೋಧ 0.033 ಓಂ. ಅದರ ಮೂಲಕ ಆ ಮೂರನೇ ಒಂದು ವಾಟ್ ಹೊರಡಬೇಕಾದರೆ 3.2 ಆಂಪಿಯರ್ ಹರಿಯಬೇಕು. ಆ 3.2 ಆಂಪಿಯರ್ ದಾರಿಯಲ್ಲಿ ಕಾಯಿಲಿನ 13 ಓಂ, ನೆಲದ ಮತ್ತು ಸುತ್ತಲಿನ ಮರಗಿಡಗಳ 47 ಓಂ ದಾಟಬೇಕು. ಕಾಯಿಲಿಗೆ 130 ವಾಟ್, ಮಣ್ಣಿಗೂ ಮರಕ್ಕೂ 480 ವಾಟ್, ಆಕಾಶಕ್ಕೆ 0.33 ವಾಟ್. ಹತ್ತು ಸಾವಿರದಲ್ಲಿ ಐದು ಪಾಲು.

ಈ ಲೆಕ್ಕವನ್ನು ಮಾವನವರ ಎದುರಿಗೆ ಮಾಡಬೇಡಿ. ಮಾಡಿದರೆ ನಡೆಯುವುದು ಹೀಗೆ:

“ಅಲ್ಲ ಅಳಿಯಂದ್ರೇ, ಆಂಪ್ಲಿಫೈಯರ್ ತೊಂಬತ್ತೆರಡು ಪರ್ಸೆಂಟ್ ಅಂದ್ರಿ?”

“ಹೌದು ಮಾವ, ಅದು ಆಂಪ್ಲಿಫೈಯರ್ ತನಕ.”

“ಅದಾದ್ಮೇಲೆ?”

“ಅದಾದ್ಮೇಲೆ ಅರ್ಧದರ್ಧದರ್ಧ... ಒಟ್ಟು 0.05 ಪರ್ಸೆಂಟ್.”

“ನಮ್ಮ ಬೋರ್ಡಿನ ಲೈನ್ ಲಾಸಿಗೆ ಪೇಪರಿನವರು ವರ್ಷಾನುಗಟ್ಲೆ ಬೈದ್ರು. ನಿಮ್ಮನೇ ಹಿತ್ಲು ನೋಡಿದ್ರೆ ನಮ್ಗೆ ಹಾರ ಹಾಕ್ತಿದ್ರು.”

ಮಾವನವರ ಪ್ರಶ್ನೆಗೆ ಪ್ರಾಮಾಣಿಕ ಉತ್ತರವೊಂದಿದೆ, ಹವ್ಯಾಸಿಗಳಿಗೆ ಅದು ಅಷ್ಟಾಗಿ ಇಷ್ಟವಿಲ್ಲ. ಆಂಟೆನಾದ ಎತ್ತರವನ್ನು ಎರಡರಷ್ಟು ಮಾಡಿದರೆ ವಿಕಿರಣ ರೋಧ ನಾಲ್ಕರಷ್ಟಾಗುತ್ತದೆ, ಬೇಕಾದ ಕರೆಂಟ್ ಅರ್ಧವಾಗುತ್ತದೆ, 600 ವಾಟಿನ ಕೆಲಸ 150ರಲ್ಲಿ ಮುಗಿಯುತ್ತದೆ. ಇನ್ನೂ ಹತ್ತು ಮೀಟರ್ ಅಲ್ಯೂಮಿನಿಯಂ ಪೈಪ್ ಅಂದರೆ 450 ವಾಟ್. ಯಾವ ಮಾಸ್‌ಫೆಟ್ಟೂ, ಯಾವ ಸೋಕಲ್ಲೂ ಅಷ್ಟು ಕೊಡಲಾರರು. 92ನ್ನು 95ಕ್ಕೆ ಏರಿಸಲು ವಾರಾಂತ್ಯಗಟ್ಟಲೆ ಗೇಟಿನ ಅಲೆಯನ್ನು ಆಸಿಲೋಸ್ಕೋಪಿನಲ್ಲಿ ದಿಟ್ಟಿಸುವವರು ಗಳಿಸುವುದು ಇಪ್ಪತ್ತು ವಾಟ್; ಅದರಲ್ಲೂ ಹತ್ತೊಂಬತ್ತೂ ಚಿಲ್ಲರೆ ಕಾಯಿಲಿಗೂ ಎರೆಹುಳುಗಳಿಗೂ. ಆದರೆ ಪೈಪಿಗೆ ಸಂಘದ ಸಭೆಯಲ್ಲಿ ಎದ್ದುನಿಂತು ಕೇಳಬೇಕು. ಗೇಟಿನ ಅಲೆಗೆ ಯಾರನ್ನೂ ಕೇಳಬೇಕಿಲ್ಲ. ಆದ್ದರಿಂದಲೇ ದಕ್ಷ ಆಂಪ್ಲಿಫೈಯರಿನ ವಿದ್ಯೆ ಇಷ್ಟು ಬೆಳೆದಿದೆ ಎಂಬುದು ಈ ಲೇಖಕನ ಗುಮಾನಿ.

ನೆಲದ ನಷ್ಟ ಕಡಿಮೆ ಮಾಡುವ ವಿಷಯದಲ್ಲಿ ಮಾತ್ರ ಮಾವನವರ ಮಾತೇ ಕೊನೆಯದು. ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿ ಅರ್ಥಿಂಗ್ ಮಾಡಿ ದಿನಾ ನೀರು ಹೊಯ್ಯುವುದರಲ್ಲಿ ಅವರದು ಜೀವಮಾನದ ಅನುಭವ. ಒಂದು ಗುಂಡಿಯಿಂದ ಇಲ್ಲಿ ಆಗುವ ಲಾಭ ಸ್ವಲ್ಪವೇ. ಆಂಟೆನಾದ ಕೆಳಗೆ ಎಲ್ಲ ದಿಕ್ಕಿಗೂ ಹೂತಿಟ್ಟ ತಂತಿಗಳು, ಅಲ್ಲಲ್ಲಿ ಹೊಡೆದ ರಾಡುಗಳು ಹೆಚ್ಚು ಕೆಲಸ ಮಾಡುತ್ತವೆ. ಅವರಿಗೆ ಎರಡನ್ನೂ ಮಾಡಲು ಬಿಡಿ. ಸಂಘದ ಕಾರ್ಯದರ್ಶಿ ಬಂದು ಕೇಳಿದರೆ ಅವರು ಇಂಗ್ಲಿಷಿನಲ್ಲಿ “ಗಾರ್ಡನಿಂಗ್” ಎನ್ನುತ್ತಾರೆ.

ಇನ್ನೊಂದು ಮಾತು. ಈ ಆಂಟೆನಾದ ಕ್ಯೂ, ಅಂದರೆ ಶ್ರುತಿಯ ಮೊನಚು, 65 ಇರುವುದರಿಂದ ಅದರ ಶ್ರುತಿ ಎರಡು ಕಿಲೋಹರ್ಟ್ಸ್ ಅಗಲದೊಳಗೆ ಮಾತ್ರ. ಮಳೆ ಬಂದು ಕೆಪಾಸಿಟೆನ್ಸ್ ಒಂದು ಪರ್ಸೆಂಟ್ ಏರಿದರೆ ಶ್ರುತಿ 700 ಹರ್ಟ್ಸ್ ಜಾರುತ್ತದೆ. ದೊಡ್ಡ ಕಾಯಿಲಿನೊಳಗೆ ಚಿಕ್ಕದೊಂದನ್ನು ತಿರುಗಿಸಿ ಸರಿಪಡಿಸುವ ವೇರಿಯೋಮೀಟರ್ ಇಡಿ, ಮತ್ತು ವೋಲ್ಟೇಜ್ ಕರೆಂಟ್ ಎರಡನ್ನೂ ಆಸಿಲೋಸ್ಕೋಪಿನಲ್ಲಿ ಒಟ್ಟಿಗೆ ನೋಡಿ. ಎರಡೂ ಒಂದೇ ಹೆಜ್ಜೆ ಹಾಕುತ್ತಿದ್ದರೆ ಸರಿ. ತಪ್ಪುವುದೇ ಆದರೆ ಕರೆಂಟ್ ಹಿಂದೆ ಬೀಳುವ ಇಂಡಕ್ಟಿವ್ ಕಡೆಗೆ ತಪ್ಪಲಿ. ಕೆಪಾಸಿಟಿವ್ ಕಡೆಗೆ ತಪ್ಪಿದರೆ ಮಾಸ್‌ಫೆಟ್ಟಿನೊಳಗಿನ ಡಯೋಡ್ ಕರೆಂಟ್ ಹೊತ್ತಿರುವಾಗಲೇ ಎದುರಿನ ಮಾಸ್‌ಫೆಟ್ ತೆರೆದುಕೊಂಡು, ಇಬ್ಬರೂ ಒಟ್ಟಿಗೆ ಹೋಗುತ್ತಾರೆ.

ಅಧ್ಯಾಯ 6: ಚಾಲನೆ

ನಿಧಾನ ಮೋರ್ಸ್‌ನಲ್ಲಿ ಒಂದು ಚುಕ್ಕೆಗೆ 3 ಸೆಕೆಂಡಿನಿಂದ 60 ಸೆಕೆಂಡಿನವರೆಗೂ ಸಮಯ ಕೊಡುವ ರೂಢಿಯಿದೆ. ಅರವತ್ತರ ಲೆಕ್ಕದಲ್ಲಿ, “ಯಾರಾದರೂ ಇದ್ದೀರಾ” ಎಂಬರ್ಥದ ಸಿ ಕ್ಯೂ ಎಂಬೆರಡು ಅಕ್ಷರ ಮುಗಿಯಲು 27 ನಿಮಿಷ. ಕಿವಿಗೆ ಇದು ಕೇಳಿಸುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ನಿಧಾನಕ್ಕೆ ಬರೆದುಕೊಳ್ಳುತ್ತದೆ. ನಿಧಾನವಾದಷ್ಟೂ ಕೇಳುವವರು ಗದ್ದಲದಿಂದ ಬೇರ್ಪಡಿಸಬೇಕಾದ ಕಿಂಡಿ ಕಿರಿದಾಗುತ್ತದೆ. ಒಂದು ವಾಟಿನ ಮೂರನೇ ಒಂದು ಪಾಲು ಸಮುದ್ರ ದಾಟುವ ಗುಟ್ಟು ಇಷ್ಟೇ.

ಸಹನೆ ಕಡಿಮೆ ಇರುವವರಿಗೆ ಡಬ್ಲ್ಯುಎಸ್‌ಪಿಆರ್ ಎಂಬ ಪದ್ಧತಿ ಇದೆ. 1993ರ ಭೌತವಿಜ್ಞಾನದ ನೊಬೆಲ್ ಪಡೆದ, ಹವ್ಯಾಸಿಯೂ ಆದ ಜೋ ಟೇಲರ್ ರೂಪಿಸಿದ್ದು. ಕಾಲ್‌ಸೈನ್, ಊರಿನ ಜಾಗ, ಶಕ್ತಿ, ಒಟ್ಟು 50 ಬಿಟ್ ಮಾಹಿತಿಯನ್ನು ಎರಡು ನಿಮಿಷದಷ್ಟು ಹೊತ್ತು, 6 ಹರ್ಟ್ಸ್ ಅಗಲದಲ್ಲಿ ಕಳಿಸುತ್ತದೆ. ಅಲೆಯ ಎತ್ತರ ಬದಲಾಗದ್ದರಿಂದ ಸ್ವಿಚ್ ಮಾತ್ರ ಬಲ್ಲ ಡಿ ವರ್ಗಕ್ಕೆ ಇದು ಪ್ರೀತಿ. ಬೇಸಿಗೆಯಲ್ಲಿ ಸಿಡಿಲಿನ ಗದ್ದಲವೇ ಎಲ್ಲವನ್ನೂ ನುಂಗುತ್ತದೆ, ಚಳಿಗಾಲದ ರಾತ್ರಿಗಳೇ ಇದರ ಸುಗ್ಗಿ. ಯುರೋಪಿನವರು ತಮ್ಮನ್ನು ಕೇಳಬೇಕಾದರೆ ಇನ್ನೊಂದು ಅಡ್ಡಿಯಿದೆ: ಪಟ್ಟಿಯ ಅಂಚಿನಿಂದ ಒಂದು ಕಿಲೋಹರ್ಟ್ಸ್ ಮೇಲೆ, 138.83ರಲ್ಲಿ, ಜರ್ಮನಿಯ ಬುರ್ಗ್‌ನ ದೊಡ್ಡ ಟ್ರಾನ್ಸ್‌ಮಿಟರ್ ಅಲ್ಲಿನ ವಿದ್ಯುತ್ ಜಾಲದ ಸ್ವಿಚ್ಚುಗಳಿಗೆ ಹಗಲಿರುಳು ಆಜ್ಞೆ ಹೊರಡಿಸುತ್ತಿರುತ್ತದೆ. ಮಾವನವರು ಇದನ್ನು ಅಡ್ಡಿ ಎಂದು ಒಪ್ಪುವುದಿಲ್ಲ.

ಸ್ವೀಡನ್ನಿನ ಗ್ರಿಮೆಟಾನ್ ರೇಡಿಯೊ ಕೇಂದ್ರದ ಬಗ್ಗೆ ಅವರಿಗೆ ಹೇಳಿ. 1920ರ ದಶಕದಲ್ಲಿ ಅಲ್ಲಿ 17.2 ಕಿಲೋಹರ್ಟ್ಸ್‌ನ ಅಲೆಯನ್ನು ವಾಲ್ವೂ ಟ್ರಾನ್ಸಿಸ್ಟರೂ ಇಲ್ಲದೆ, ಮೋಟರಿನಿಂದ ತಿರುಗುವ 200 ಕಿಲೋವಾಟಿನ ಅಲೆಕ್ಸಾಂಡರ್ಸನ್ ಆಲ್ಟರ್ನೇಟರಿನಿಂದ ನೇರವಾಗಿ ಹುಟ್ಟಿಸುತ್ತಿದ್ದರು. ಈಗ ಯುನೆಸ್ಕೊ ಪಾರಂಪರಿಕ ತಾಣ. ವಿಶೇಷ ದಿನಗಳಲ್ಲಿ ಈಗಲೂ ಓಡಿಸುತ್ತಾರೆ. ಕೇಳಿದ ಮೇಲೆ ಮಾವನವರು ತಮ್ಮ ಮಾಸ್‌ಫೆಟ್‌ಗಳನ್ನು ನೋಡುವ ನೋಟವೇ ಬದಲಾಗುತ್ತದೆ, ಒಳ್ಳೆಯದಕ್ಕಲ್ಲ.

ತೊಂದರೆ ನಿವಾರಣೆ

ಹೀಟ್‌ಸಿಂಕ್ ತಣ್ಣಗಿದೆ, ಕಾಯಿಲ್ ಬಿಸಿಯಾಗಿದೆ: ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ.

ಕಾಯಿಲ್ ತಣ್ಣಗಿದೆ, ಹೀಟ್‌ಸಿಂಕ್ ಬಿಸಿಯಾಗಿದೆ: ಶ್ರುತಿ ತಪ್ಪಿದೆ. ಮೊದಲು ಸ್ವಿಚ್ ಆರಿಸಿ, ಆಮೇಲೆ ಅಧ್ಯಾಯ 5 ಓದಿ. ಈ ಕ್ರಮ ಬದಲಿಸಬೇಡಿ.

ಎರಡೂ ತಣ್ಣಗಿವೆ: ಪ್ಲಗ್ ನೋಡಿ. ನಂತರ ಮಾಸ್‌ಫೆಟ್ ನೋಡಿ. ಎರಡು ಬೇಕಾದಲ್ಲಿ ಹತ್ತು ತರಿಸಿರಬೇಕಿತ್ತು.

ಯಂತ್ರ ಸರಿ, ಆಂಟೆನಾ ಕರೆಂಟ್ 3.2 ಆಂಪಿಯರ್ ತೋರಿಸುತ್ತಿದೆ, ಆದರೂ ಇಡೀ ರಾತ್ರಿ ಲೋಕದಲ್ಲಿ ಒಬ್ಬರೂ ಕೇಳಿಲ್ಲ: ಕಂಪ್ಯೂಟರಿನ ಗಡಿಯಾರ ನೋಡಿ. ಡಬ್ಲ್ಯುಎಸ್‌ಪಿಆರ್ ಎರಡೆರಡು ನಿಮಿಷದ ಗೆರೆಗೆ ಸರಿಯಾಗಿ ಶುರುವಾಗಬೇಕು. ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಂದುಮುಂದಾದರೆ 600 ವಾಟೂ ಒಂದೇ, ಸೊನ್ನೆಯೂ ಒಂದೇ. ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿ. ಮಾವನವರು ತಮ್ಮ ಎಚ್‌ಎಂಟಿ ವಾಚ್ ಬಿಚ್ಚಿ ಕೊಟ್ಟು, ನಲವತ್ತು ವರ್ಷದಿಂದ ಒಂದು ಸೆಕೆಂಡ್ ತಪ್ಪಿಲ್ಲ ಎಂದರೆ ವಿನಯದಿಂದ ತೆಗೆದುಕೊಳ್ಳಿ, ಕಂಪ್ಯೂಟರಿನ ಮುಂದೆ ಇಟ್ಟುಕೊಳ್ಳಿ, ಇಂಟರ್ನೆಟ್ ಸಮಯಕ್ಕೇ ಹೊಂದಿಸಿ. ಬೆಳಿಗ್ಗೆ ಯಾರಾದರೂ ಕೇಳಿದ್ದು ಗೊತ್ತಾದರೆ, ವಾಚಿನಿಂದಲೇ ಆಯಿತು ಎನ್ನಿ.